ಫ್ರೀಜರ್ ಕಲ್ಲಿನ ಹಾಗಿದೆ, ಕೆಳಗಡೆ ಹಾಲು ಉಳಿಯುತ್ತಿಲ್ಲ: ಸೆನ್ಸರ್ ನೋಡುವುದು ಹೇಗೆ?

ಮಡಿಕೇರಿ ಹತ್ತಿರದಿಂದ, ಪ್ರಶ್ನೆ:
ನಮ್ಮದು ಡಬಲ್ ಡೋರ್ ಫ್ರಾಸ್ಟ್ ಫ್ರೀ ಫ್ರಿಡ್ಜ್, ಏಳು ವರ್ಷ ಹಳೆಯದು. ಮೇಲೆ ಫ್ರೀಜರ್‌ನಲ್ಲಿ ಹಂದಿಮಾಂಸ ಕಲ್ಲಿನ ಹಾಗಿದೆ. ಕೆಳಗಡೆ ಮಾತ್ರ ತಂಪೇ ಇಲ್ಲ, ರಾತ್ರಿ ಇಟ್ಟ ಹಾಲು ಬೆಳಿಗ್ಗೆ ಕಾಯಿಸಿದರೆ ಒಡೆಯುತ್ತದೆ. ಮೆಕ್ಯಾನಿಕ್ ಬಂದು ಗ್ಯಾಸ್ ಹೋಗಿದೆ ಎಂದರು. ಪಕ್ಕದ ಮನೆಯವರು ಸೆನ್ಸರ್ ಇರಬಹುದು ಅಂತಾರೆ. ದುಡ್ಡು ಕೊಡುವ ಮುಂಚೆ ನಿಮ್ಮ ಅನುಭವ ಹೇಳಿ. ಮನೆಯಲ್ಲಿ ಮಲ್ಟಿಮೀಟರ್ ಇದೆ.

ನಾಪೋಕ್ಲಿನಿಂದ:
ಅಕ್ಕ, ದಯವಿಟ್ಟು ಈಗಲೇ ಗ್ಯಾಸ್ ತುಂಬಿಸಬೇಡಿ. ಗ್ಯಾಸ್ ಹೋಗಿದ್ದರೆ ಮೇಲೆ ಮಾಂಸ ಅಷ್ಟು ಗಟ್ಟಿ ಇರುತ್ತಿತ್ತಾ? ಇಂಥ ಫ್ರಿಡ್ಜ್‌ಗಳಲ್ಲಿ ಸಾಮಾನ್ಯವಾಗಿ ತಂಪು ಮಾಡುವ ಕಾಯಿಲ್ ಒಂದೇ, ಫ್ರೀಜರ್‌ನ ಹಿಂದಿನ ಪ್ಯಾನೆಲ್ ಒಳಗಿರುತ್ತದೆ. ಅಲ್ಲಿಂದ ಫ್ಯಾನ್ ತಂಪು ಗಾಳಿಯನ್ನು ಕೆಳಗೆ ತಳ್ಳುತ್ತದೆ. ಕಾಯಿಲ್ ಮೇಲೆ ಐಸ್ ಕಟ್ಟಿಕೊಂಡರೆ ಗಾಳಿಗೆ ದಾರಿ ಇಲ್ಲ. ಮೇಲೆ ತಂಪು, ಕೆಳಗೆ ಬಿಸಿ. ನಮ್ಮನೆಯಲ್ಲೂ ಹೀಗೇ ಆಗಿತ್ತು. ಆಟಿಯ ಮಳೆಯಲ್ಲಿ ಗಾಳಿಯಲ್ಲೇ ನೀರಿರುತ್ತದೆ, ಬಾಗಿಲು ತೆಗೆದಾಗಲೆಲ್ಲ ಅದು ಒಳಗೆ ಹೋಗಿ ಐಸ್ ಆಗುತ್ತದೆ.

ಮೊದಲು ಪ್ಲಗ್ ಕಿತ್ತು, ಎರಡೂ ಬಾಗಿಲು ತೆರೆದು ಒಂದು ದಿನ ಪೂರ್ತಿ ಬಿಡಿ. ಕೆಳಗೆ ಹಳೇ ಬಟ್ಟೆ ಹಾಕಿ, ನೀರು ತುಂಬಾ ಬರುತ್ತದೆ. ಆಮೇಲೆ ಆನ್ ಮಾಡಿದಾಗ ಚೆನ್ನಾಗಿ ಓಡಿ, ಕೆಲವು ದಿನ ಕಳೆದು ಮತ್ತೆ ಕೆಟ್ಟರೆ ತೊಂದರೆ ಡಿಫ್ರಾಸ್ಟ್‌ನಲ್ಲಿ, ಅಂದರೆ ಕಾಯಿಲ್ ಮೇಲಿನ ಐಸನ್ನು ಹೀಟರ್‌ನಿಂದ ತಾನೇ ಕರಗಿಸುವ ವ್ಯವಸ್ಥೆಯಲ್ಲಿದೆ ಎಂದೇ ತಿಳಿಯಿರಿ. ಐಸ್ ಬೇಗ ಬಿಡಲಿ ಅಂತ ಚಾಕು ಹಾಕಬೇಡಿ. ಕಾಯಿಲ್ ತೂತಾದರೆ ಮುಗಿಯಿತು. ಈಗಿನ ಎಷ್ಟೋ ಫ್ರಿಡ್ಜ್‌ಗಳಲ್ಲಿರುವ ಆರ್-600ಎ ಗ್ಯಾಸ್‌ಗೆ ಬೆಂಕಿಯೂ ಹತ್ತಿಕೊಳ್ಳುತ್ತದೆ.

ಈಗ ಸೆನ್ಸರ್ ವಿಷಯ. ಪ್ಯಾನೆಲ್ ಬಿಚ್ಚಿದರೆ ಕಾಯಿಲ್‌ಗೆ ಕ್ಲಿಪ್ ಹಾಕಿದ, ಎರಡು ವೈರ್ ಇರುವ ಸಣ್ಣ ತುಂಡು ಕಾಣುತ್ತದೆ. ಕನೆಕ್ಟರ್ ಬಿಡಿಸಿ. ಲೋಟಕ್ಕೆ ಪುಡಿ ಮಾಡಿದ ಐಸ್ ಹಾಕಿ, ಸ್ವಲ್ಪ ನೀರು ಬಿಟ್ಟು ಕಲಕಿ. ಅದು 0 ಡಿಗ್ರಿ. ಮೀಟರನ್ನು 200 ಕಿಲೋ ಓಮ್‌ಗೆ ತಿರುಗಿಸಿ, ಮೊದಲು ಹೊರಗಡೆ ಅಳೆಯಿರಿ, ಆಮೇಲೆ ಸೆನ್ಸರ್ ತಲೆಯನ್ನು ಐಸ್‌ನಲ್ಲಿ ಐದು ನಿಮಿಷ ಮುಳುಗಿಸಿ ಅಳೆಯಿರಿ. ತಂಪಾದಷ್ಟೂ ಓಮ್ ಏರಬೇಕು. 25 ಡಿಗ್ರಿಯಲ್ಲಿ 10 ಕಿಲೋ ತೋರಿಸುವ ಸೆನ್ಸರ್ ಐಸ್‌ನಲ್ಲಿ ಸುಮಾರು 30 ತೋರಿಸುತ್ತದೆ. ಕೆಲವು ಮಾಡೆಲ್‌ಗಳಲ್ಲಿ 5 ಕಿಲೋ ಸೆನ್ಸರ್ ಇರುತ್ತದೆ, ಅದೂ ಹೆಚ್ಚುಕಡಿಮೆ ಮೂರು ಪಟ್ಟು ಏರುತ್ತದೆ. ಒಂದು ಮಾತು ನೆನಪಿರಲಿ. ಮಳೆಗಾಲದಲ್ಲಿ ನಮ್ಮ ಅಡುಗೆಮನೆ 20 ಡಿಗ್ರಿ ಇದ್ದರೆ 10ರ ಸೆನ್ಸರ್ ಹನ್ನೆರಡೂವರೆ ತೋರಿಸುತ್ತದೆ. ಅದು ಸರಿಯೇ, ಕೆಟ್ಟಿಲ್ಲ.

ನನ್ನದು ಹೊರಗೆ 12 ಇತ್ತು. ಐಸ್‌ನಲ್ಲಿ ಹತ್ತು ನಿಮಿಷ ಕಾದರೂ 15 ದಾಟಲಿಲ್ಲ. ಕಾಯಿಲ್ ಆಗಲೇ ಬಿಸಿಯಾಗಿದೆ ಅಂದುಕೊಂಡು ಬೋರ್ಡ್ ಹೀಟರನ್ನು ಬೇಗ ಆಫ್ ಮಾಡುತ್ತಿತ್ತು, ಐಸ್ ಕರಗುತ್ತಲೇ ಇರಲಿಲ್ಲ. ಸೆನ್ಸರ್ ಬದಲಾಯಿಸಿದೆ, ಸರಿಹೋಯಿತು.

ಗೋಣಿಕೊಪ್ಪದಿಂದ:
ಮೇಲಿನವರು ಹೇಳಿದ್ದು ಪೂರ್ತಿ ಒಪ್ಪುತ್ತೇನೆ, ಆದರೆ ಸೆನ್ಸರ್ ಚೆನ್ನಾಗಿದ್ದರೆ ಅಲ್ಲಿಗೇ ನಿಲ್ಲಿಸಬೇಡಿ. ನಮ್ಮದರಲ್ಲಿ ಹೋಗಿದ್ದು ಥರ್ಮಲ್ ಫ್ಯೂಸ್, ಅಂದರೆ ಹೀಟರ್ ಜಾಸ್ತಿ ಬಿಸಿಯಾದರೆ ಕರೆಂಟ್ ಕಡಿಯುವ ಫ್ಯೂಸ್. ಹೀಟರ್ 200ರಿಂದ 300 ಓಮ್ ಆಸುಪಾಸು ತೋರಿಸಬೇಕು, ಫ್ಯೂಸ್ ಸೊನ್ನೆ ತೋರಿಸಬೇಕು. ಮೀಟರ್‌ನಲ್ಲಿ ಎಡಗಡೆ ಬರೀ ‘1’ ನಿಂತರೆ ದಾರಿ ಕಡಿದಿದೆ ಎಂದರ್ಥ.

ಹಳೇ ಮಾಡೆಲ್‌ಗಳಲ್ಲಿ ಸೆನ್ಸರ್ ಬದಲು ಗುಂಡಗಿನ ಬಿಲ್ಲೆಯಂಥ ಬೈಮೆಟಲ್ ಇರುತ್ತದೆ. ಅದು ಹೊರಗಡೆ ‘1’ ತೋರಿಸುವುದೇ ಸರಿ, ಚೆನ್ನಾಗಿ ತಂಪಾದ ಮೇಲೆ ಕೂಡಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ನಮ್ಮಲ್ಲಿ ಒಳ್ಳೆಯದನ್ನೇ ಬಿಸಾಡಿದರು, ಇವತ್ತಿಗೂ ಬೇಜಾರಿದೆ. ಬೇರೆ ಮನೆಯ ಫ್ರೀಜರ್‌ನಲ್ಲಿ ಅರ್ಧ ಗಂಟೆ ಇಟ್ಟು, ತೆಗೆದ ಕೂಡಲೇ ಅಳೆಯಿರಿ.

ಭಾಗಮಂಡಲದಿಂದ:
ನಮ್ಮ ಕಡೆ ಉಲ್ಟಾ ಕೂಡ ಆಗುತ್ತದೆ. ಡಿಸೆಂಬರ್–ಜನವರಿ ಚಳಿಯಲ್ಲಿ ಕೆಳಗೆ ತಂಪಾಗಿರುತ್ತದೆ, ಫ್ರೀಜರ್‌ನಲ್ಲಿ ಮಾಂಸ ಮೆತ್ತಗಾಗುತ್ತದೆ. ನಮ್ಮಂಥ ಫ್ರಿಡ್ಜ್‌ನಲ್ಲಿ ಥರ್ಮೋಸ್ಟಾಟ್ ನೋಡುವುದು ಕೆಳಗಿನ ಭಾಗವನ್ನು ಮಾತ್ರ. ಅಡುಗೆಮನೆಯೇ ತಣ್ಣಗಿದ್ದರೆ ಕಂಪ್ರೆಸರ್ ಆನ್ ಆಗುವುದೇ ಕಮ್ಮಿ. ಅದು ರಿಪೇರಿ ಅಲ್ಲ. ನಾವು ಫ್ರಿಡ್ಜನ್ನು ಒಲೆಯಿರುವ ಕೋಣೆಗೆ ಸರಿಸಿದೆವು, ಸಾಕಾಯಿತು.

ಬಾಗಿಲಿನ ರಬ್ಬರ್ ಕೂಡ ನೋಡಿ. ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಹಾಕಿ, ಸಲೀಸಾಗಿ ಎಳೆಯಲು ಬಂದರೆ ರಬ್ಬರ್ ಸಡಿಲವಾಗಿದೆ.

ಪ್ರಶ್ನೆ ಕೇಳಿದವರು, ಹತ್ತು ದಿನದ ಮೇಲೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪ್ಯಾನೆಲ್ ತೆಗೆದರೆ ಕಾಯಿಲೇ ಕಾಣಲಿಲ್ಲ, ಬರೀ ಬಿಳಿ ಗೋಡೆ. ಒಂದು ದಿನ ಕರಗಿಸಿ ಅಳೆದೆವು. ಸೆನ್ಸರ್ ಹೊರಗೆ 12.3, ಐಸ್‌ನಲ್ಲಿ 31. ಹೀಟರ್ 240 ಓಮ್. ಫ್ಯೂಸ್‌ನಲ್ಲಿ ‘1’! ಹಾಗಾಗಿ ಗ್ಯಾಸ್ ಅಲ್ಲ, ಸೆನ್ಸರ್ ಕೂಡ ಅಲ್ಲ. ಹಳೇ ಫ್ಯೂಸ್ ಮೇಲೆ ಬರೆದಿರುವ ಡಿಗ್ರಿ ನೋಡಿ ಅಂಥದೇ ಫ್ಯೂಸ್ ಮೈಸೂರಿನಿಂದ ತರಿಸುತ್ತಿದ್ದೇವೆ. ನೇರವಾಗಿ ವೈರ್ ಜೋಡಿಸೋಣ ಅಂತ ಒಬ್ಬರು ಹೇಳಿದರು, ನಾವು ಒಪ್ಪಲಿಲ್ಲ. ಹೀಟರ್ ಆಫ್ ಆಗದೆ ಜಾಸ್ತಿ ಬಿಸಿಯಾದರೆ ತಡೆಯಲು ಇರುವುದು ಅದೊಂದೇ. ಸದ್ಯ ಕೆಳಗಡೆ 4 ಡಿಗ್ರಿ ಇದೆ. ಫ್ಯೂಸ್ ಬರುವ ತನಕ ಭಾನುವಾರ ಭಾನುವಾರ ಕೈಯಲ್ಲೇ ಕರಗಿಸುತ್ತೇವೆ.