ಚಿಕ್ಕ ಹುಡುಗನ ಹೊಟ್ಟೆ ಸಿಟಿ: 80 ಕೆವಿಗೆ ಇಳಿಸಿದರೆ ಚಿತ್ರ ರವೆರವೆ

ನವನಗರ_ಟೆಕ್: ಬಾಗಲಕೋಟೆಯ ಒಂದು ಸ್ಕ್ಯಾನ್ ಸೆಂಟರ್‌ನಲ್ಲಿ ಟೆಕ್ನಿಷಿಯನ್ ಆಗಿದ್ದೇನೆ. ಮುಧೋಳ ಕಡೆಯಿಂದ ಐದು ವರ್ಷದ ಹುಡುಗ ಬಂದಿದ್ದ, ಕಬ್ಬಿನ ಟ್ರ್ಯಾಕ್ಟರ್ ಮೇಲಿಂದ ಬಿದ್ದಿದ್ದಾನೆ. 120 ಕೆವಿ (ಎಕ್ಸ್‌ರೇ ಟ್ಯೂಬಿನ ವೋಲ್ಟೇಜ್) ಬಿಟ್ಟು 80 ಇಟ್ಟೆ, ಎಂಎ (ಟ್ಯೂಬಿನ ಕರೆಂಟ್) ಆಟೋ. ಕಾಂಟ್ರಾಸ್ಟ್ (ರಕ್ತನಾಳಕ್ಕೆ ಕೊಡುವ ಅಯೋಡಿನ್ ಔಷಧಿ) ಸರಿಯಾಗಿ ಹೋಗಿದೆ, ಆದರೆ ಲಿವರ್ ಪೂರ್ತಿ ರವೆರವೆ. ಮಕ್ಕಳಿಗೂ ಮತ್ತೆ 120 ಇಡಬೇಕಾ?

ಗುಮ್ಮಟದೂರು: ತಡೀರಿ ಸರ್, ಕೆವಿ ಹಾಗೇ ಇರಲಿ. 80ರಲ್ಲಿ ಅಯೋಡಿನ್ ಚೆನ್ನಾಗಿ ಬೆಳ್ಳಗೆ ಕಾಣುತ್ತದೆ, ಸ್ವಲ್ಪ ನಾಯ್ಸ್ (ಆ ರವೆರವೆ) ಇದ್ದರೂ ನಡೆಯುತ್ತದೆ. ಸ್ಲೈಸ್ (ಚಿತ್ರದ ಒಂದೊಂದು ಪದರ) ಎಷ್ಟು ದಪ್ಪ? ಹುಡುಗ ಗ್ಯಾಂಟ್ರಿಯ (ಮಶೀನಿನ ಉಂಗುರದ) ನಡುವೆ ಇದ್ದನಾ?

ನವನಗರ_ಟೆಕ್: 1 ಮಿಮೀ. ನಡುವಿಗಿಂತ ಸುಮಾರು 4 ಸೆಂಮೀ ಕೆಳಗಿದ್ದ. ಸ್ಕೌಟ್ (ಸ್ಕ್ಯಾನಿಗೆ ಮೊದಲಿನ ಅಳತೆ ಚಿತ್ರ) ತೆಗೆಯುವಾಗ ಟ್ಯೂಬ್ ಮೇಲಿತ್ತು.

ಗುಮ್ಮಟದೂರು: ಅಲ್ಲೇ ಇದೆ ನೋಡಿ. ದೊಡ್ಡವರ ಎತ್ತರಕ್ಕಿಟ್ಟ ಟೇಬಲ್ ಮೇಲೆ ಮಗು ಮಲಗಿದರೆ ಕೆಳಗೇ ಉಳಿಯುತ್ತದೆ. ಟ್ಯೂಬಿಗೆ ದೂರವಾದ್ದರಿಂದ ಸ್ಕೌಟ್‌ನಲ್ಲಿ ಇನ್ನೂ ಸಣ್ಣದಾಗಿ ಕಾಣುತ್ತದೆ. ಆಟೋ ಅದನ್ನೇ ನಂಬಿ ಎಂಎ ಕಡಿಮೆ ಕೊಡುತ್ತದೆ. ಟ್ಯೂಬ್ ಕೆಳಗಿದ್ದರೆ ಉಲ್ಟಾ, ಸುಮ್ನೆ ಜಾಸ್ತಿ ಡೋಸ್ (ವಿಕಿರಣ). ಜೊತೆಗೆ, ಅದೇ ಎಂಎಯಲ್ಲಿ 120ರಿಂದ 80ಕ್ಕೆ ಬಂದರೆ ಡೋಸ್ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಕೆವಿ ಬದಲಿಸಿದಾಗ ಎಂಎ ತಾನೇ ಏರುತ್ತದೆ ಅಂತ ಎಲ್ಲ ಮಶೀನನ್ನೂ ನಂಬಬೇಡಿ, ಪ್ರೊಟೊಕಾಲ್ (ಮಶೀನಿನಲ್ಲಿ ಉಳಿಸಿಟ್ಟ ಸ್ಕ್ಯಾನ್ ಸೆಟ್ಟಿಂಗ್) ತೆರೆದು ನೋಡಿ.

ಈ ಹುಡುಗನನ್ನು ಮತ್ತೆ ಸ್ಕ್ಯಾನ್ ಮಾಡಬೇಡಿ. ರಾ ಡೇಟಾ (ಸ್ಕ್ಯಾನಿನ ಮೂಲ ಮಾಹಿತಿ) ಇದ್ದರೆ ಸಾಫ್ಟ್ ಕರ್ನಲ್‌ನಲ್ಲಿ (ಚಿತ್ರ ನಯಗೊಳಿಸುವ ಫಿಲ್ಟರ್) 3 ಮಿಮೀ ಸ್ಲೈಸ್‌ಗೆ ರಿಕನ್ ಮಾಡಿ, ಅಂದರೆ ಚಿತ್ರವನ್ನು ಮತ್ತೆ ಕಟ್ಟಿ. ನಾಯ್ಸ್ ಹೆಚ್ಚೂಕಡಿಮೆ ಶೇ 40ರಷ್ಟು ಇಳಿಯುತ್ತದೆ, ಡೋಸ್ ಒಂದಿಷ್ಟೂ ಏರುವುದಿಲ್ಲ. ಅದೇ ಫಲ ಎಂಎ ಏರಿಸಿ ಪಡೆಯಬೇಕಂದ್ರೆ ಮೂರು ಪಟ್ಟು ಡೋಸ್ ಕೊಡಬೇಕು.

ಬೆಳಗಾವಿ_ಫಿಜಿಕ್ಸ್: ಒಂದು ಮಾತು ಸೇರಿಸ್ತೀನಿ. ಪರದೆಯ ಮೇಲಿನ ಸಿಟಿಡಿಐ (ಮಶೀನ್ ತೋರಿಸುವ ಡೋಸ್ ಸಂಖ್ಯೆ) ಪಕ್ಕದಲ್ಲಿ ಫ್ಯಾಂಟಮ್ (ಡೋಸ್ ಅಳೆಯುವ ಪ್ಲಾಸ್ಟಿಕ್ ಮಾದರಿ) 16 ಸೆಂಮೀಯೋ 32 ಸೆಂಮೀಯೋ ನೋಡಿ. 32 ಇದ್ದರೆ ಈ ವಯಸ್ಸಿನ ಹೊಟ್ಟೆಗೆ ನಿಜವಾದ ಡೋಸ್ ತೋರಿಸಿದ್ದರ ಸುಮಾರು ದುಪ್ಪಟ್ಟು. ಸಂಖ್ಯೆ ಸಣ್ಣದಿದೆ ಅಂತ ಖುಷಿಪಡೋದು ಬೇಡ.

ನವನಗರ_ಟೆಕ್: 32 ಇದೆ ಸರ್. 3 ಮಿಮೀ ಮಾಡಿ ಕಳಿಸಿದೆ, ಡಾಕ್ಟರು ಓದೋಕೆ ಸಾಕು ಅಂದರು. ನಮ್ಮ ಪ್ರೊಟೊಕಾಲ್‌ನಲ್ಲಿ ಕಾಂಟ್ರಾಸ್ಟ್‌ಗೆ ಮೊದಲು ಪ್ಲೇನ್ (ಕಾಂಟ್ರಾಸ್ಟ್ ಇಲ್ಲದ ಸ್ಕ್ಯಾನ್) ಕೂಡ ಇದೆ. ಅದು ಬೇಕಾ?

ಗುಮ್ಮಟದೂರು: ಪೆಟ್ಟು ಬಿದ್ದ ಮಗುವಿನ ಹೊಟ್ಟೆಗೆ ಸಾಮಾನ್ಯವಾಗಿ ಬೇಡ. ಪೋರ್ಟಲ್ ವೀನಸ್ (ಕಾಂಟ್ರಾಸ್ಟ್ ಲಿವರ್‌ನ ಪೋರ್ಟಲ್ ರಕ್ತನಾಳ ತುಂಬಿದ ಹೊತ್ತಿನ ಸ್ಕ್ಯಾನ್) ಒಂದೇ ಫೇಸ್ ಸಾಕಾಗುತ್ತದೆ. ಎರಡು ಸಲ ತೆಗೆದರೆ ಡೋಸೂ ಹತ್ತಿರಹತ್ತಿರ ಎರಡು ಪಟ್ಟು ಅಲ್ವಾ? ನಿಮ್ಮ ರೇಡಿಯಾಲಜಿಸ್ಟ್ ಹತ್ತಿರ ಮಾತಾಡಿ ಮಕ್ಕಳ ಪ್ರೊಟೊಕಾಲ್‌ನಿಂದ ಪ್ಲೇನ್ ತೆಗೆಸಿ.