ಸ್ಮ್ಯಾಶ್ ನೆಟ್ಟಿಗೆ ಹೋಗುತ್ತದೆ, ಭುಜವೂ ನೋವು: ತಪ್ಪು ಎಲ್ಲಿ?

ಪ್ರಶ್ನೆ (ಅಂಕೋಲಾ): ಸರ್, ನಾನು ವಾಲಿಬಾಲಿನಲ್ಲಿ ಬಲಗೈ ಅಟ್ಯಾಕರ್, 5 ಅಡಿ 9 ಇಂಚು. ಜೊತೆಗಾರ ಎತ್ತರಕ್ಕೆ ಎತ್ತಿಕೊಟ್ಟ ಚೆಂಡು (ಲಿಫ್ಟ್) ಹೊಡೆದರೆ ಹತ್ತರಲ್ಲಿ ನಾಲ್ಕು ನೆಟ್ಟಿಗೇ ಬಡಿಯುತ್ತವೆ. ಜೋರು ಹಾಕಿದಷ್ಟೂ ಭುಜದ ಮೇಲ್ಭಾಗ ನೋಯುತ್ತದೆ. ಜಿಮ್ಮಿನಲ್ಲಿ ಶೋಲ್ಡರ್ ಪ್ರೆಸ್ (ಭಾರವನ್ನು ತಲೆಯ ಮೇಲಕ್ಕೆ ಎತ್ತುವುದು) ಶುರು ಮಾಡಲೇ?

ಕೋಚ್ (ಕಾರವಾರ): ಈಗ ಬೇಡ ತಮ್ಮಾ, ಮೊದಲು ಕಾಲು ನೋಡು. ಬಹುಶಃ ನೀನು ಬೇಗ ಹಾರುತ್ತಿದ್ದೀಯ. ಕೈ ತಾಗುವ ಹೊತ್ತಿಗೆ ಮೈ ಇಳಿಯತೊಡಗಿರುತ್ತದೆ. ನೆಟ್ 2.43 ಮೀಟರ್, ನಾಲ್ಕು ಬೆರಳು ತಗ್ಗಿದರೂ ಚೆಂಡು ನೆಟ್ಟಿನ ಮೇಲಂಚಿನ ಪಟ್ಟಿಗೆ ಹೋಗುತ್ತದೆ.

ಹೆಜ್ಜೆ: ಎಡ, ಆಮೇಲೆ ಬಲ-ಎಡ. ಚೆಂಡು ತನ್ನ ಎತ್ತರದ ತುದಿ ಮುಟ್ಟುವಾಗ ಎಡಗಾಲು ನಿಧಾನಕ್ಕೆ. ಕೊನೆಯ ಎರಡು ಮಾತ್ರ ಚುರುಕಾಗಿ. ಬಲಗಾಲಿನ ಹೆಜ್ಜೆ ಎಲ್ಲಕ್ಕಿಂತ ಉದ್ದ, ಹಿಮ್ಮಡಿ ಮೊದಲು ಊರಬೇಕು. ಎಡಗಾಲು ಅದರ ಮುಂದೆ, ಬೆರಳು ತುಸು ಬಲಕ್ಕೆ ತಿರುಗಿ ಬೀಳಬೇಕು. ಆ ಎಡಗಾಲೇ ಬ್ರೇಕ್. ಮುಂದೆ ನುಗ್ಗುತ್ತಿದ್ದ ವೇಗವನ್ನು ಮೇಲಕ್ಕೆ ತಿರುಗಿಸುವುದು ಅದು. ಎರಡೂ ಕೈ ಸೊಂಟದ ಹಿಂದಕ್ಕೆ ಹೋಗಿ, ಕಾಲು ನೆಲ ಬಿಡುವಾಗ ಒಟ್ಟಿಗೆ ಮೇಲೆ ಬರಬೇಕು.

ಪರೀಕ್ಷೆ ಸುಲಭ. ಮಣ್ಣಿನ ಕೋರ್ಟಿಗೆ ನೀರು ಚಿಮುಕಿಸಿ ಹಾರಿ ನೋಡು. ಬಲ ಹಿಮ್ಮಡಿಯ ಗುರುತು ಆಳವಾಗಿ, ಎಡಪಾದದ್ದು ಅಡ್ಡಡ್ಡ ಮೂಡಬೇಕು. ಹಾರಿದಲ್ಲಿಂದ ಒಂದು-ಒಂದೂವರೆ ಅಡಿ ಮುಂದೆ ಇಳಿದರೆ ಸರಿ. ನಡುಗೆರೆ ದಾಟುತ್ತಿದ್ದರೆ ಬ್ರೇಕೇ ಬಿದ್ದಿಲ್ಲ.

ಗಾಳಿಯಲ್ಲಿ ಎಡಗೈ ಚೆಂಡಿನ ಕಡೆ, ಬಲ ಮೊಣಕೈ ಭುಜದ ಮಟ್ಟಕ್ಕಿಂತ ಕೆಳಗಿಳಿಯದಂತೆ ಹಿಂದೆ. ಹೊಡೆಯುವಾಗ ಎಡಗೈಯನ್ನು ಹೊಟ್ಟೆಗೆ ಎಳೆದುಕೋ. ಸೊಂಟ, ಎದೆ, ಭುಜ, ಮೊಣಕೈ, ಮಣಿಕಟ್ಟು ಅದೇ ಸಾಲಿನಲ್ಲಿ ಬರುತ್ತವೆ. ಸೊಂಟ ತಿರುಗದಿದ್ದರೆ ಅದರ ಕೆಲಸವೂ ಭುಜದ ಮೇಲೆಯೇ ಬೀಳುತ್ತದೆ. ಚೆಂಡು ಬಲಭುಜದ ನೇರಕ್ಕೆ, ಅಂದಾಜು ಒಂದು ಅಡಿ ಮುಂದೆ, ಕೈ ಪೂರ್ತಿ ಚಾಚಿದಲ್ಲಿ ಸಿಗಬೇಕು.

ಫಿಸಿಯೋ (ಶಿರಸಿ): ಕೈಯನ್ನು ಪಕ್ಕದಿಂದ ನಿಧಾನಕ್ಕೆ ಎತ್ತಿ ನೋಡಿ. 60ರಿಂದ 120 ಡಿಗ್ರಿ ನಡುವೆ ಮಾತ್ರ ನೋವಿದ್ದರೆ, ಭುಜದ ಮೇಲ್ಮೂಳೆಯ ಕೆಳಗಿನ ಸ್ನಾಯುರಜ್ಜು ಕೆರಳಿರಬಹುದು. ಹೊಡೆದ ಮೇಲೆ ಕೈಯನ್ನು ತಡೆದು ನಿಲ್ಲಿಸುವವು ಭುಜದ ಹಿಂಬದಿಯ ಸಣ್ಣ ಸ್ನಾಯುಗಳು. ಶೋಲ್ಡರ್ ಪ್ರೆಸ್ಸಿನಲ್ಲಿ ಅವಕ್ಕೆ ಆ ಕೆಲಸ ಸಿಗುವುದಿಲ್ಲ. ಟವೆಲ್ ಸುರುಳಿ ಕಂಕುಳಲ್ಲಿಟ್ಟು, ಮೊಣಕೈ 90 ಡಿಗ್ರಿ ಮಡಚಿ, ರಬ್ಬರ್ ಬ್ಯಾಂಡನ್ನು ಹೊರಗೆ ಎಳೆಯಿರಿ. 15ರಂತೆ 3 ಸಲ, ವಾರಕ್ಕೆ 3 ದಿನ. ವಾಪಸ್ ಬಿಡುವಾಗ ಮೂರು ಎಣಿಸಿ, ಲಾಭ ಇರುವುದೇ ಅಲ್ಲಿ. ಎರಡು ವಾರ, ಪೂರ್ತಿ ಜೋರಿನ ಹೊಡೆತ ನಿಲ್ಲಿಸಿ. ರಾತ್ರಿ ನೋವಿನಿಂದ ಎಚ್ಚರವಾದರೆ, ಕೈ ಎತ್ತಲಾಗದಿದ್ದರೆ ಕಾಯಬೇಡಿ, ಮೂಳೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ (ಅಂಕೋಲಾ): ಬೀಚಿನ ಮರಳಲ್ಲಿ ಹಾರಿ ರೂಢಿ ಮಾಡಿದರೆ ಆಗುತ್ತದಾ ಸರ್?

ಕೋಚ್: ಕಾಲಿನ ಬಲಕ್ಕೆ ಒಳ್ಳೆಯದು, ಟೈಮಿಂಗಿಗೆ ಅಲ್ಲ. ಮರಳು ಕುಸಿಯುವುದರಿಂದ ಹಾರಲು ಹೆಚ್ಚು ಹೊತ್ತು ಬೇಕು; ಅದೇ ಲೆಕ್ಕ ಮಣ್ಣಿನ ಕೋರ್ಟಿಗೆ ತಂದರೆ ಮತ್ತೆ ಬೇಗ ಹಾರುತ್ತೀಯ. ಹೆಜ್ಜೆಯನ್ನು ಗಟ್ಟಿ ನೆಲದಲ್ಲೇ ಕಲಿ. ಚೆಂಡಿಲ್ಲದೆ ದಿನಕ್ಕೆ 20 ಸಲ, ಬಾಯಲ್ಲಿ 'ಎಡ... ಬಲ-ಎಡ' ಅನ್ನುತ್ತ. ಆಮೇಲೆ ಗೆಳೆಯನೊಬ್ಬ ಸ್ಟೂಲ್ ಮೇಲೆ ನಿಂತು ನೆಟ್ಟಿನ ಮೇಲೆ ಚೆಂಡು ಹಿಡಿಯಲಿ, ಅದನ್ನು ಹೊಡೆ. ಇಳಿಯುವಾಗ ಎರಡೂ ಕಾಲು, ಮಂಡಿ ಮಡಚಿ. ಎಡಗಾಲೊಂದರ ಮೇಲೇ ಇಳಿಯುತ್ತಿದ್ದರೆ ಚೆಂಡು ನಿನ್ನ ತಲೆಯ ಎಡಕ್ಕೆ ಹೋಗುತ್ತಿದೆ ಎಂದರ್ಥ. ಓಟದ ದಾರಿ ಬದಲಿಸು.