ಈರುಳ್ಳಿ ಸ್ಲೈಡ್‌ನಲ್ಲಿ ಕೋಶಪೊರೆ ತೋರಿಸೋದು ಹೇಗೆ?

ಪ್ರಶ್ನೆ: ವಿಜ್ಞಾನ_ಕೊಠಡಿ

9ನೇ ತರಗತಿಗೆ ಈರುಳ್ಳಿ ಸ್ಲೈಡ್ ಮಾಡಿಸುತ್ತಿದ್ದೇವೆ. ಸಫ್ರಾನಿನ್ ಹಾಕಿ, ಒಂದು ಹನಿ ಗ್ಲಿಸರಿನ್ ಬಿಟ್ಟು ಕವರ್‌ಸ್ಲಿಪ್ ಮುಚ್ಚುತ್ತೇವೆ. ಕೋಶಭಿತ್ತಿ ಚೆನ್ನಾಗಿ ಕಾಣುತ್ತೆ. ಕೋಶಕೇಂದ್ರ ಕೆಲವು ಕೋಶಗಳಲ್ಲಿ ಮಾತ್ರ ಸಿಗುತ್ತೆ, ಅದೂ ಅಂಚಿಗೆ ಅಂಟಿಕೊಂಡು. ದಪ್ಪ ಕಪ್ಪು ಅಂಚಿನ ದುಂಡನೆಯ ಆಕೃತಿಗಳನ್ನೇ ಮಕ್ಕಳು ಕೋಶಕೇಂದ್ರ ಅಂತ ಬರೆದುಕೊಳ್ತಾರೆ. ಕೋಶಪೊರೆ, ಮೈಟೋಕಾಂಡ್ರಿಯಾ ಎಲ್ಲಿ ಅಂದ್ರೆ ತೋರಿಸೋಕೆ ಏನೂ ಇಲ್ಲ. ನೇತ್ರ ಮಸೂರ 10 ಪಟ್ಟು, ವಸ್ತು ಮಸೂರ 10 ಮತ್ತು 40 ಪಟ್ಟಿನವು. ಏನು ಬದಲಾಯಿಸಬೇಕು?

ಉತ್ತರ 1: ಕವರ್‌ಸ್ಲಿಪ್

ಆ ಕಪ್ಪು ಅಂಚಿನ ದುಂಡನೆಯವು ಗಾಳಿಗುಳ್ಳೆಗಳು. ಕವರ್‌ಸ್ಲಿಪ್‌ನ ಒಂದು ಅಂಚನ್ನು ಮೊದಲು ದ್ರವಕ್ಕೆ ತಾಗಿಸಿ, ಇನ್ನೊಂದು ಅಂಚನ್ನು ಸೂಜಿಯ ಮೇಲೆ ಆನಿಸಿ ನಿಧಾನಕ್ಕೆ ಇಳಿಸಿ. ಮೇಲಿಂದ ನೇರ ಇಟ್ಟರೆ ಗಾಳಿ ಸಿಕ್ಕಿಹಾಕಿಕೊಳ್ಳೋದು ಖಂಡಿತ.

ತೆಳು ಸಿಪ್ಪೆಯನ್ನು ದಪ್ಪ ಎಸಳಿನ ಒಳಬದಿಯಿಂದ, ಅಂದ್ರೆ ತಗ್ಗಾದ ಬದಿಯಿಂದ, ಚಿಮುಟದಲ್ಲಿ ಎಳೆದು ತಕ್ಷಣ ನೀರಿರೋ ವಾಚ್‌ಗ್ಲಾಸ್‌ಗೆ ಹಾಕಿ. ಗಾಳಿಯಲ್ಲಿ ಬಿಟ್ಟರೆ ಒಣಗಿ ಸುರುಳಿ ಸುತ್ತುತ್ತೆ. ನೀರಿನಲ್ಲೇ 5 ಮಿ.ಮೀ. ಚೌಕ ಕತ್ತರಿಸಿ, ಕುಂಚದಿಂದ ಸ್ಲೈಡ್‌ಗೆ ಎತ್ತಿ. ಕೋಶಭಿತ್ತಿಯ ಗೆರೆಗಳು ಒಂದರ ಮೇಲೊಂದು ಅಡ್ಡಾದಿಡ್ಡಿ ಕಂಡರೆ ಸಿಪ್ಪೆ ಮಡಚಿದೆ ಅಂತ ಅರ್ಥ. ಆ ಜಾಗ ಬಿಟ್ಟು ಬೇರೆ ಕಡೆ ನೋಡಿ.

ಬಣ್ಣ ಜಾಸ್ತಿಯಾದರೆ ಕೋಶವೆಲ್ಲ ಒಂದೇ ಕೆಂಪಾಗಿ ಕೋಶಕೇಂದ್ರ ಅದರಲ್ಲೇ ಮುಳುಗಿಹೋಗುತ್ತೆ. ತೆಳು ಸಫ್ರಾನಿನ್ ಎರಡು ಮೂರು ನಿಮಿಷ ಸಾಕು, ಆಮೇಲೆ ನೀರಿನಲ್ಲಿ ತೊಳೀಲೇಬೇಕು. ಇನ್ನೊಂದು ವಿಷಯ ಬೆಳಕು. ಡಯಾಫ್ರಾಮ್ ಪೂರ್ತಿ ತೆರೆದಿಟ್ಟರೆ ಪಾರದರ್ಶಕ ಭಾಗಗಳ ಅಂಚುಗಳೇ ಕಾಣಲ್ಲ. 10 ಪಟ್ಟಿನ ವಸ್ತು ಮಸೂರದಲ್ಲಿ ಅದನ್ನು ಅರ್ಧಕ್ಕಿಂತ ಕಮ್ಮಿ ಮಾಡಿ ನೋಡಿ, ಬಣ್ಣ ಹಾಕದ ಕೋಶದಲ್ಲೂ ಕೋಶಕೇಂದ್ರ ಮಬ್ಬಾಗಿ ಕಾಣುತ್ತೆ. ಕನ್ನಡಿಯ ಸೂಕ್ಷ್ಮದರ್ಶಕವಾದರೆ, ಕಂಡೆನ್ಸರ್ ಇದ್ದಾಗ ಸಮತಲ ಕನ್ನಡಿ, ಇಲ್ಲದಿದ್ದಾಗ ನಿಮ್ನ ಕನ್ನಡಿ.

ಉತ್ತರ 2: ರಸದಾನಿ

ಕೋಶಕೇಂದ್ರ ಅಂಚಿನಲ್ಲಿರೋದು ಸ್ಲೈಡ್‌ನ ದೋಷವಲ್ಲ. ಬಲಿತ ಈರುಳ್ಳಿ ಕೋಶದ ಬಹುಪಾಲು ಜಾಗ ಒಂದೇ ದೊಡ್ಡ ರಸದಾನಿಯದ್ದು, ಅಂದ್ರೆ ದ್ರವ ತುಂಬಿದ ಚೀಲದ್ದು. ಕೋಶದ್ರವ್ಯ ಭಿತ್ತಿಯ ಒಳಬದಿಗೆ ತೆಳ್ಳಗೆ ಬಳಿದುಕೊಂಡಿರುತ್ತೆ, ಕೋಶಕೇಂದ್ರ ಇರೋದು ಅದರಲ್ಲೇ. ಅದು ಮೇಲಿನ ಅಥವಾ ಕೆಳಗಿನ ಭಿತ್ತಿಗೆ ತಾಗಿದ್ದರೆ ನಮಗೆ ಮಧ್ಯದಲ್ಲಿದ್ದಂತೆ ಕಾಣುತ್ತೆ. ಫೈನ್ ಫೋಕಸ್ ಮೆಲ್ಲಗೆ ತಿರುಗಿಸುತ್ತಾ ಹೋದರೆ ಒಂದು ಕೋಶದ್ದು ಸ್ಪಷ್ಟವಾಗುವಾಗ ಪಕ್ಕದ್ದು ಮಸುಕಾಗುತ್ತೆ. ಮಕ್ಕಳಿಗೆ ಇದನ್ನು ಅವರ ಕೈಯಿಂದಲೇ ಮಾಡಿಸಿ. ಪುಸ್ತಕದ ಚಿತ್ರ ನೋಡಿ ಕೋಶ ಚಪ್ಪಟೆ ಅಂದುಕೊಂಡಿರ್ತಾರೆ, ಅದಕ್ಕೆ ಆಳ ಇದೆ ಅನ್ನೋದು ಇಲ್ಲಿ ಗೊತ್ತಾಗುತ್ತೆ.

ಇನ್ನು ಕೋಶಪೊರೆ. ಅದರ ದಪ್ಪ ಸುಮಾರು 7–8 ನ್ಯಾನೋಮೀಟರ್. ಒಳ್ಳೆಯ ಬೆಳಕಿನ ಸೂಕ್ಷ್ಮದರ್ಶಕವೂ ಬಿಡಿಸಿ ತೋರಿಸೋದು ಸುಮಾರು 200 ನ್ಯಾನೋಮೀಟರ್‌ವರೆಗೆ ಮಾತ್ರ. ಸಾಲದ್ದಕ್ಕೆ ಪೊರೆ ಭಿತ್ತಿಗೆ ಒತ್ತಿಕೊಂಡಿರುತ್ತೆ. ಹಾಗಾಗಿ ಪೊರೆಯನ್ನೇ ನೋಡೋ ಆಸೆ ಬಿಟ್ಟು, ಅದನ್ನು ಭಿತ್ತಿಯಿಂದ ಸರಿಸಿ. ಅಭಿಸರಣೆಯ (ಪೊರೆಯ ಮೂಲಕ ನೀರು ಹಾಯೋದರ) ಪಾಠವೂ ಅಲ್ಲೇ ಆಗಿಹೋಗುತ್ತೆ.

ಕೆಂಪು ಈರುಳ್ಳಿ ತಗೊಳ್ಳಿ, ಆದ್ರೆ ಈ ಸಲ ಎಸಳಿನ ಹೊರಬದಿಯ ಕೆನ್ನೀಲಿ ಸಿಪ್ಪೆ ಬೇಕು. ಆ ಬಣ್ಣ ರಸದಾನಿಯೊಳಗಿನ ಆಂಥೋಸಯಾನಿನ್‌ನದು, ಬೇರೆ ಬಣ್ಣ ಹಾಕೋದು ಬೇಡ, ಹಾಕಲೂಬಾರದು: ಕೋಶ ಜೀವಂತವಾಗಿರಬೇಕು. ಗ್ಲಿಸರಿನ್ ಕೂಡ ಬೇಡ, ಅದೇ ಕೋಶದಿಂದ ನೀರು ಎಳೆಯುತ್ತೆ. ಮೊದಲು ಬರೀ ನೀರಿನಲ್ಲಿ ನೋಡಿ: ಕೋಶದ ತುಂಬ ಬಣ್ಣ. ಆಮೇಲೆ 100 ಮಿ.ಲೀ. ದ್ರಾವಣದಲ್ಲಿ 5 ಗ್ರಾಂ ಉಪ್ಪು ಇರುವಂತೆ ಮಾಡಿ, ಅದರ ಹನಿಯನ್ನು ಕವರ್‌ಸ್ಲಿಪ್‌ನ ಒಂದು ಬದಿಗೆ ಬಿಡಿ, ಎದುರು ಬದಿಯಿಂದ ಬ್ಲಾಟಿಂಗ್ ಕಾಗದದಲ್ಲಿ ನೀರು ಹೀರಿ. ಕೆಲವೇ ನಿಮಿಷದಲ್ಲಿ ಬಣ್ಣದ ಭಾಗ ಮೊದಲು ಮೂಲೆಗಳಿಂದ ಬಿಡಿಸಿಕೊಂಡು, ಕುಗ್ಗುತ್ತಾ ಗಾಢವಾಗುತ್ತೆ. ಭಿತ್ತಿ ಇದ್ದಲ್ಲೇ ಇರುತ್ತೆ. ಆ ಬಣ್ಣದ ಭಾಗದ ಹೊರ ಅಂಚಿನಲ್ಲಿ ಇರೋದೇ ಕೋಶಪೊರೆ.

ನಡುವಿನ ಖಾಲಿ ಜಾಗದಲ್ಲಿ ಏನಿದೆ ಅಂತ ಕೇಳಿ. ಹೆಚ್ಚಿನವರು ಗಾಳಿ ಅಂತಾರೆ. ಅಲ್ಲಿರೋದು ಉಪ್ಪುನೀರು, ಕೋಶಭಿತ್ತಿ ಅದನ್ನು ಒಳಗೆ ಬಿಡುತ್ತೆ, ಪೊರೆ ಅದರಲ್ಲಿನ ಉಪ್ಪನ್ನು ತಡೆಯುತ್ತೆ.

ವಿಜ್ಞಾನ_ಕೊಠಡಿ

ಕುಗ್ಗಿದ್ದು ಬಹಳ ಸ್ಪಷ್ಟವಾಗಿ ಕಂಡಿತು, ಧನ್ಯವಾದ. ಆದ್ರೆ ಮತ್ತೆ ನೀರು ಹಾಕಿದಾಗ ಕೆಲವೇ ಕೋಶಗಳು ಮೊದಲಿನಂತಾದವು, ಉಳಿದವು ಬಣ್ಣ ಕಳೆದುಕೊಂಡವು. ಯಾಕೆ?

ಉತ್ತರ 3: ರಸದಾನಿ

ಬಣ್ಣ ಹೊರಗೆ ಸೋರಿದ ಕೋಶಗಳು ಸತ್ತಿವೆ. ಪೊರೆ ಹರಿದ ಮೇಲೆ ಒಳಗಿನದನ್ನು ಹಿಡಿದಿಡೋದು ಏನೂ ಇಲ್ಲ. ಒಂದೋ ಉಪ್ಪಿನಲ್ಲಿ ತುಂಬ ಹೊತ್ತು ಇದ್ದವು, ಇಲ್ಲವೇ ಒಮ್ಮೆಲೇ ಬರೀ ನೀರು ನುಗ್ಗಿ ಪೊರೆ ಬಿರಿಯಿತು. ಕುಗ್ಗಿದ್ದು ಕಂಡ ಕೂಡಲೇ ಮೊದಲು 2% ಉಪ್ಪುನೀರು, ಆಮೇಲೆ ನೀರು ಹಾಯಿಸಿ. ಚೌಕದ ಅಂಚಿನ ಕೋಶಗಳು ಬ್ಲೇಡಿಗೆ ಸಿಕ್ಕಿ ಆಗಲೇ ಸತ್ತಿರುತ್ತವೆ, ಮಧ್ಯದವನ್ನೇ ನೋಡಿ.

ಉತ್ತರ 4: ಹೈಡ್ರಿಲ್ಲಾ

ಮೈಟೋಕಾಂಡ್ರಿಯಾ ವಿಷಯ ಉಳಿದಿತ್ತು. ಅವುಗಳ ಅಗಲ 0.5ರಿಂದ 1 ಮೈಕ್ರೋಮೀಟರ್. ಗಾತ್ರ ಆ 200 ನ್ಯಾನೋಮೀಟರ್ ಮಿತಿಗಿಂತ ದೊಡ್ಡದೇ ಆದರೂ ಸುತ್ತಲಿನ ಕೋಶದ್ರವ್ಯದಿಂದ ಬೇರೆಯಾಗಿ ಎದ್ದು ಕಾಣಲ್ಲ. ಜೀವಂತ ಕೋಶಕ್ಕೆ ಜಾನಸ್ ಗ್ರೀನ್ ಬಿ ಅನ್ನೋ ಬಣ್ಣ ಹಾಕೋ ಪದ್ಧತಿ ಇದೆ, ಆದ್ರೆ ಶಾಲೆಯ ಮಸೂರದಲ್ಲಿ ಅದನ್ನು ನಂಬಿಕೊಂಡು ಪಾಠ ಮಾಡೋದು ಬೇಡ. ಕಾಣದ್ದನ್ನು ಪುಸ್ತಕ ನೋಡಿ ರೆಕಾರ್ಡ್‌ನಲ್ಲಿ ಬರೆಸಲೇಬೇಡಿ.

ಕೋಶದೊಳಗಿನ ಅಂಗಕ ತೋರಿಸಲೇಬೇಕು ಅಂದ್ರೆ ಹೈಡ್ರಿಲ್ಲಾ ಅನ್ನೋ ನೀರುಗಿಡ ತರಿಸಿ. ಕೆರೆಯಲ್ಲೂ ಸಿಗುತ್ತೆ, ಅಕ್ವೇರಿಯಂ ಅಂಗಡಿಯಲ್ಲೂ ಸಿಗುತ್ತೆ. ತುದಿಯ ಎಳೆ ಎಲೆಯನ್ನು ಹಾಗೇ ನೀರಿನಲ್ಲಿ ಇಡಿ, ಕತ್ತರಿಸೋದು ಬೇಡ. ಅದು ಎರಡೇ ಕೋಶ ದಪ್ಪ. ಹತ್ತು ಹದಿನೈದು ನಿಮಿಷ ಬೆಳಕಿನಲ್ಲಿಟ್ಟು, ನಡುನರದ ಪಕ್ಕದ ಕೋಶಗಳನ್ನು 400 ಪಟ್ಟಿನಲ್ಲಿ ನೋಡಿ. ಹಸಿರು ಕ್ಲೋರೋಪ್ಲಾಸ್ಟ್‌ಗಳು ಭಿತ್ತಿಯ ಗುಂಟ ಒಂದರ ಹಿಂದೊಂದು ಸುತ್ತುತ್ತಿರುತ್ತವೆ. ಕೋಶದ್ರವ್ಯವೇ ಹರಿಯುತ್ತಾ ಅವನ್ನು ಹೊತ್ತೊಯ್ಯುತ್ತೆ. ನೀರು ತಣ್ಣಗಿದ್ದರೆ ಚಲನೆ ನಿಧಾನ. ಏನೂ ಅಲುಗಾಡದಿದ್ದರೆ ಸ್ಲೈಡನ್ನು ಸ್ವಲ್ಪ ಹೊತ್ತು ಅಂಗೈ ಮೇಲೆ ಇಟ್ಟುಕೊಂಡು ಮತ್ತೆ ನೋಡಿ.